ರಕ್ತದ ಸುದ್ದಿ ಮಿದುಳಿಗೆ ತಲುಪುವ ಬಗೆ

ಪ್ರಶ್ನೆ: ರಕ್ತ ಮತ್ತು ಮಿದುಳಿನ ನಡುವೆ ಯಾವುದನ್ನೂ ಸುಲಭವಾಗಿ ಒಳಗೆ ಬಿಡದ ತಡೆಗೋಡೆ ಇದೆಯೆಂದು ಓದಿದ್ದೇನೆ. ಹಾಗಿದ್ದರೆ ಗಂಟಲಿನಲ್ಲೋ ಶ್ವಾಸಕೋಶದಲ್ಲೋ ಸೋಂಕು ತಗುಲಿದಾಗ ಜ್ವರ, ಮಂಪರು, ಊಟ ಸೇರದಿರುವುದು, ಯಾರೊಡನೆಯೂ ಮಾತು ಬೇಡವೆನಿಸುವುದು ಇವೆಲ್ಲ ಏಕೆ ಬರುತ್ತವೆ? ಮಿದುಳಿಗೆ ಸುದ್ದಿ ಮುಟ್ಟಿಸುವುದು ಯಾವುದು? ಮನಸ್ಸು ರೋಗನಿರೋಧಕ ಶಕ್ತಿಯನ್ನು ಬದಲಿಸಬಲ್ಲದು ಎಂಬ ಮಾತಿನಲ್ಲಿ ನಿಜವೆಷ್ಟು? 80 ದಾಟಿದ ನನ್ನ ತಾಯಿಯವರಿಗೆ ಮೂತ್ರದ ಸೋಂಕಾದಾಗ ಎರಡು ದಿನ ಮಕ್ಕಳ ಗುರುತೇ ಸಿಗಲಿಲ್ಲ. ತಲೆಯ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಇದಕ್ಕೂ ಮೇಲಿನ ವಿಷಯಕ್ಕೂ ಸಂಬಂಧವಿದೆಯೇ?

ಉತ್ತರ: ನೇರ ಸಂಬಂಧವಿದೆ. ಅದು ಅರ್ಥವಾಗಬೇಕಾದರೆ ಮೊದಲು ತಡೆಗೋಡೆಯ ಬಗೆಗಿನ ನಮ್ಮ ಕಲ್ಪನೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ರಕ್ತಕ್ಕೂ ಮಿದುಳಿಗೂ ನಡುವಿನ ತಡೆ ಜಡವಾದುದಲ್ಲ; ಅದು ಜೀವಂತ ಕೋಶಗಳಿಂದ ಆದದ್ದು, ಮತ್ತು ಆ ಕೋಶಗಳು ರಕ್ತದಲ್ಲಿ ಹರಿದು ಬರುವ ರಾಸಾಯನಿಕಗಳನ್ನು ಗುರುತಿಸಿ, ಅವುಗಳನ್ನು ಹೊರಗೇ ನಿಲ್ಲಿಸಿ, ಬೇರೊಂದು ರಾಸಾಯನಿಕವನ್ನು ತಾವೇ ತಯಾರಿಸಿ ಮಿದುಳಿನ ಕಡೆಗೆ ಬಿಡುತ್ತವೆ. ಸಾಮಾನ್ಯ ಸೋಂಕುಗಳಲ್ಲಿ ರೋಗಾಣುವಾಗಲಿ ಅದರ ವಿರುದ್ಧ ಹೋರಾಡುವ ಬಿಳಿ ರಕ್ತಕಣವಾಗಲಿ ಮಿದುಳಿನೊಳಗೆ ಕಾಲಿಡುವುದೇ ಇಲ್ಲ. ಹೊರಗೆ ಹೋರಾಟ ನಡೆದಿದೆ ಎಂಬ ಸುದ್ದಿ ಮಾತ್ರ ಒಳಗೆ ಹೋಗುತ್ತದೆ. ಕಾಯಿಲೆ ಬಿದ್ದಾಗ ನಾವು ಪಡುವ ಅನುಭವದ ದೊಡ್ಡ ಭಾಗ ರೋಗಾಣು ನೇರವಾಗಿ ಮಾಡಿದ್ದಲ್ಲ. ಸುದ್ದಿ ತಿಳಿದ ಮಿದುಳು ದೇಹಕ್ಕೆ ಹೊರಡಿಸಿದ ಆಜ್ಞೆಗಳ ಫಲ ಅದು.

ಈ ತಡೆಯ ಸುಳಿವು ಮೊದಲು ಸಿಕ್ಕಿದ್ದು ಬಣ್ಣಗಳಿಂದ. 1885ರಲ್ಲಿ ಜರ್ಮನಿಯ ಪಾಲ್ ಎರ್ಲಿಶ್ ಪ್ರಾಣಿಗಳ ರಕ್ತಕ್ಕೆ ಕೆಲವು ಬಣ್ಣಗಳನ್ನು ಚುಚ್ಚಿದಾಗ ದೇಹದ ಅಂಗಗಳೆಲ್ಲ ಬಣ್ಣ ಹೀರಿಕೊಂಡವು, ಮಿದುಳು ಮಾತ್ರ ಬಹುಮಟ್ಟಿಗೆ ಬಿಳುಪಾಗಿಯೇ ಉಳಿಯಿತು. ಮಿದುಳಿನ ಅಂಗಾಂಶಕ್ಕೆ ಆ ಬಣ್ಣ ಹಿಡಿಯುವುದಿಲ್ಲವೆಂದು ಎರ್ಲಿಶ್ ಅರ್ಥೈಸಿದರು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಟ್ರಿಪಾನ್ ನೀಲಿಯನ್ನು ರಕ್ತಕ್ಕೆ ಹಾಕುವ ಬದಲು ಮಿದುಳನ್ನು ಸುತ್ತುವರಿದ ದ್ರವಕ್ಕೆ ಚುಚ್ಚಿದರು. ಈಗ ಮಿದುಳು ನೀಲಿಯಾಯಿತು, ಉಳಿದ ದೇಹ ಹಾಗೆಯೇ ಉಳಿಯಿತು. ಬಣ್ಣ ಹಿಡಿಯದಿರುವುದು ಕಾರಣವಲ್ಲ, ನಡುವೆ ಏನೋ ತಡೆಯುತ್ತಿದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಆ ‘ಏನೋ’ ಎಲ್ಲಿದೆ ಎಂಬುದು ಕಣ್ಣಿಗೆ ಕಂಡದ್ದು ಮಾತ್ರ 1967ರಲ್ಲಿ, ಥಾಮಸ್ ರೀಸ್ ಮತ್ತು ಮಾರಿಸ್ ಕರ್ನೋವ್ಸ್ಕಿ ಇಲಿಯ ಮಿದುಳಿನ ರಕ್ತನಾಳಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದಾಗ.

ಅವರು ಕಂಡದ್ದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಮಿದುಳಿನ ಅತಿ ಸಣ್ಣ ರಕ್ತನಾಳ, ಅಂದರೆ ಲೋಮನಾಳ, ಎಷ್ಟು ಕಿರಿದೆಂದರೆ ಅದರೊಳಗೆ ಕೆಂಪು ರಕ್ತಕಣಗಳು ಮೈ ಮುದುಡಿಕೊಂಡು ಒಂದರ ಹಿಂದೆ ಒಂದು ಸಾಗಬೇಕು. ಅದರ ಒಳಮೈಗೆ ಎಂಡೊಥೀಲಿಯಂ ಎಂಬ ತೆಳು ಕೋಶಗಳ ಒಂದೇ ಒಂದು ಪದರವಿದೆ. ದೇಹದ ಬೇರೆಡೆ ಈ ಕೋಶಗಳ ನಡುವೆ ಸಣ್ಣ ಸಂದುಗಳಿರುತ್ತವೆ, ಅವುಗಳ ಮೂಲಕ ನೀರು, ಲವಣ, ಸಣ್ಣ ಅಣುಗಳು ಸಲೀಸಾಗಿ ಆಚೀಚೆ ಹೋಗುತ್ತವೆ. ಮಿದುಳಿನಲ್ಲಿ ಪಕ್ಕಪಕ್ಕದ ಕೋಶಗಳ ಅಂಚುಗಳನ್ನು ಕ್ಲಾಡಿನ್-5 ಮುಂತಾದ ಪ್ರೋಟೀನುಗಳು ಹೊಲಿದಂತೆ ಬಿಗಿದಿರುತ್ತವೆ. ಹೊರಗಡೆಯಿಂದ ಪೆರಿಸೈಟ್ ಎಂಬ ಕೋಶಗಳು ನಾಳವನ್ನು ತಬ್ಬಿಕೊಂಡಿರುತ್ತವೆ. ಅದರಾಚೆ ಆಸ್ಟ್ರೋಸೈಟ್ ಎಂಬ ಪೋಷಕ ಕೋಶಗಳ ಪಾದಗಳು ನಾಳದ ಸುತ್ತ ಒತ್ತೊತ್ತಾಗಿ ಹರಡಿರುತ್ತವೆ. ಹೀಗಾಗಿ ಯಾವ ಅಣುವಿಗೂ ಕೋಶಗಳ ನಡುವೆ ನುಸುಳಿ ಹೋಗುವ ದಾರಿಯಿಲ್ಲ, ಕೋಶದ ಮೂಲಕವೇ ಹಾದುಹೋಗಬೇಕು. ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ಹಾಗೇ ಹಾದುಹೋಗುತ್ತವೆ. ಗ್ಲೂಕೋಸಿಗೆ ಅದರದೇ ಆದ ವಾಹಕ ಪ್ರೋಟೀನ್ ಇದೆ, ಅಮೈನೋ ಆಮ್ಲಗಳಿಗೆ ಬೇರೆ ವಾಹಕಗಳಿವೆ. ಕರೆಯದೆ ಒಳನುಗ್ಗಿದ ಎಷ್ಟೋ ಔಷಧಗಳನ್ನು ಹಿಡಿದು ರಕ್ತಕ್ಕೇ ಮರಳಿ ದಬ್ಬುವ ಪಂಪುಗಳೂ ಇವೆ, ಮತ್ತು ಮಿದುಳಿನ ಕಾಯಿಲೆಗಳಿಗೆ ಔಷಧ ಕಂಡುಹಿಡಿಯುವವರ ತಲೆನೋವಿಗೆ ಇವೇ ದೊಡ್ಡ ಕಾರಣ.

ದೇಹದ ತೂಕದಲ್ಲಿ ಶೇಕಡಾ 2ರಷ್ಟಿರುವ ಮಿದುಳು, ನಾವು ಸುಮ್ಮನೆ ಕುಳಿತಿರುವಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಶೇಕಡಾ 20ರಷ್ಟನ್ನು ಬಳಸುತ್ತದೆ. ಇಷ್ಟೊಂದು ಪೂರೈಕೆಗಾಗಿ ರಕ್ತನಾಳಗಳು ಅದರೊಳಗೆ ಎಷ್ಟು ದಟ್ಟವಾಗಿ ಹಬ್ಬಿವೆಯೆಂದರೆ ಬಹುತೇಕ ಪ್ರತಿ ನರಕೋಶಕ್ಕೂ ಹತ್ತಿಪ್ಪತ್ತು ಮೈಕ್ರೊಮೀಟರ್ ದೂರದಲ್ಲಿ ಒಂದು ಲೋಮನಾಳವಿರುತ್ತದೆ. ಅಂದರೆ ರಕ್ತದಲ್ಲಿ ಆದ ಬದಲಾವಣೆ ಮಿದುಳಿನ ಯಾವ ಮೂಲೆಗೂ ದೂರವಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಹೆಚ್ಚಿದರೂ ಅದು ತಡೆಯನ್ನು ದಾಟಿ ಮಿದುಳಿನ ದ್ರವದ ಆಮ್ಲೀಯತೆಯನ್ನು ಏರಿಸುತ್ತದೆ, ಮಿದುಳಿನ ಬುಡದಲ್ಲಿರುವ ಕೋಶಗಳು ಅದನ್ನು ಗ್ರಹಿಸಿ ಕೂಡಲೇ ಉಸಿರಾಟವನ್ನು ಹೆಚ್ಚಿಸುತ್ತವೆ. ರಕ್ತ ಮಿದುಳಿನೊಡನೆ ನಡೆಸುವ ಅತ್ಯಂತ ಸರಳ ಸಂವಹನ ಇದು. ರೋಗನಿರೋಧಕ ವ್ಯವಸ್ಥೆಯ ಸುದ್ದಿ ಇಷ್ಟು ಸರಳವಾಗಿ ದಾಟುವುದಿಲ್ಲ, ಏಕೆಂದರೆ ಅದರ ಸಂದೇಶಗಳು ದೊಡ್ಡ ಪ್ರೋಟೀನ್ ಅಣುಗಳು.

ಆ ಸಂದೇಶಗಳಿಗೆ ಸೈಟೊಕೈನ್ ಎಂದು ಹೆಸರು. ಶ್ವಾಸಕೋಶದಲ್ಲೋ ಮೂತ್ರಕೋಶದಲ್ಲೋ ಬ್ಯಾಕ್ಟೀರಿಯಾ ಕಾಲೂರಿತೆಂದುಕೊಳ್ಳಿ. ಅಲ್ಲಿಯೇ ಕಾವಲಿರುವ ಮ್ಯಾಕ್ರೊಫೇಜ್ ಎಂಬ ಬಿಳಿ ಕೋಶಗಳು ಬ್ಯಾಕ್ಟೀರಿಯಾದ ಹೊರಕವಚದ ತುಣುಕುಗಳನ್ನು ಗುರುತಿಸಿ ಇಂಟರ್‌ಲೂಕಿನ್-1, ಇಂಟರ್‌ಲೂಕಿನ್-6, ಟಿಎನ್‌ಎಫ್ ಎಂಬ ಸೈಟೊಕೈನ್‌ಗಳನ್ನು ಸುರಿಸುತ್ತವೆ. ಸ್ಥಳದಲ್ಲಿ ಇವು ಉರಿಯೂತವನ್ನು ಎಬ್ಬಿಸಿ ಇನ್ನಷ್ಟು ಬಿಳಿ ಕಣಗಳನ್ನು ಕರೆಸುತ್ತವೆ. ಒಂದಷ್ಟು ರಕ್ತಕ್ಕೆ ಸೇರಿ ದೇಹವನ್ನೆಲ್ಲ ಸುತ್ತುತ್ತವೆ. ಮಿದುಳಿನ ಲೋಮನಾಳಕ್ಕೆ ಬಂದಾಗ ಅಲ್ಲಿಯ ಎಂಡೊಥೀಲಿಯಂ ಕೋಶದ ರಕ್ತದ ಕಡೆಯ ಮೈಯಲ್ಲಿ ಇಂಟರ್‌ಲೂಕಿನ್-1ನ್ನು ಹಿಡಿಯುವ ಗ್ರಾಹಕಗಳು ಸಿಗುತ್ತವೆ. ಅಣು ಗ್ರಾಹಕಕ್ಕೆ ಅಂಟಿದೊಡನೆ ಆ ಕೋಶದೊಳಗೆ ಕಾಕ್ಸ್-2 ಎಂಬ ಕಿಣ್ವದ ತಯಾರಿಕೆ ಶುರುವಾಗುತ್ತದೆ. ಅದು ಇನ್ನೊಂದು ಕಿಣ್ವದ ಜೊತೆಗೂಡಿ ಕೋಶಪೊರೆಯ ಕೊಬ್ಬಿನಿಂದ ಪ್ರೊಸ್ಟಾಗ್ಲಾಂಡಿನ್ ಇ2 ಎಂಬ ಸಣ್ಣ ಅಣುವನ್ನು ಮಾಡುತ್ತದೆ. ಅದು ಕೋಶದ ಆಚೆ ಬದಿಯಿಂದ ಮಿದುಳಿಗೆ ಇಳಿಯುತ್ತದೆ. ಗಮನಿಸಿ, ಇಂಟರ್‌ಲೂಕಿನ್ ಹೊರಗೇ ಉಳಿಯಿತು, ಒಳಗೆ ಹೋದದ್ದು ಬೇರೆಯದೇ ಅಣು. ಹೊಸ್ತಿಲಲ್ಲಿ ಅಪರಿಚಿತನ ಅಹವಾಲು ಕೇಳಿ, ಅವನನ್ನು ಅಲ್ಲೇ ನಿಲ್ಲಿಸಿ, ಒಳಗೆ ಹೋಗಿ ತನ್ನ ಮಾತಿನಲ್ಲಿ ತಿಳಿಸುವ ಮನೆಯಾಳಿನ ಕೆಲಸವನ್ನು ಇಲ್ಲಿ ರಕ್ತನಾಳದ ಗೋಡೆಯೇ ಮಾಡುತ್ತದೆ.

ಹೀಗೆ ಇಳಿದ ಪ್ರೊಸ್ಟಾಗ್ಲಾಂಡಿನ್, ಮಿದುಳಿನ ತಳಭಾಗದಲ್ಲಿರುವ ಹೈಪೊಥಲಾಮಸ್‌ನ ಮುಂಭಾಗದಲ್ಲಿ ದೇಹದ ಉಷ್ಣತೆಯನ್ನು ನಿಯಂತ್ರಿಸುವ ನರಕೋಶಗಳ ಮೇಲೆ ಇಪಿ3 ಎಂಬ ಗ್ರಾಹಕಕ್ಕೆ ಅಂಟುತ್ತದೆ. ಮಾಮೂಲಿಯಾಗಿ ಈ ನರಕೋಶಗಳು ಶಾಖ ಉತ್ಪಾದಿಸುವ ವ್ಯವಸ್ಥೆಗೆ ಕಡಿವಾಣ ಹಾಕಿರುತ್ತವೆ. ಈಗ ಆ ಕಡಿವಾಣ ಸಡಿಲವಾಗುತ್ತದೆ. ಚರ್ಮದ ರಕ್ತನಾಳಗಳು ಕಿರಿದಾಗಿ ಶಾಖ ಹೊರಹೋಗುವುದು ನಿಲ್ಲುತ್ತದೆ, ಸ್ನಾಯುಗಳು ನಡುಗತೊಡಗುತ್ತವೆ. ಜ್ವರ ಏರುವಾಗ ಮೈ ಬಿಸಿಯಿದ್ದರೂ ಚಳಿಯಾಗುವುದು ಇದರಿಂದಲೇ: ಮಿದುಳು ಗುರಿಯನ್ನು 39 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟುಕೊಂಡಿರುವಾಗ 37 ಡಿಗ್ರಿಯ ಮೈ ಅದಕ್ಕೆ ತಣ್ಣಗೇ. ಇಳಿಯುವಾಗ ಇದರ ತಿರುವುಮುರುವು, ಗುರಿ ಕೆಳಗಿಳಿದ ಕೂಡಲೇ ಬೆವರು ಕಿತ್ತುಬರುತ್ತದೆ. ಆಸ್ಪಿರಿನ್ ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನೇ ತಡೆಯುತ್ತದೆಂದು ಜಾನ್ ವೇನ್ 1971ರಲ್ಲಿ ತೋರಿಸಿದರು, ಈ ಕ್ಷೇತ್ರದ ಕೆಲಸಕ್ಕಾಗಿ 1982ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಆ ಮಾತ್ರೆ ಸೋಂಕನ್ನು ಮುಟ್ಟುವುದಿಲ್ಲ, ರಕ್ತದಲ್ಲಿರುವ ಇಂಟರ್‌ಲೂಕಿನ್‌ಗಳನ್ನೂ ಮುಟ್ಟುವುದಿಲ್ಲ. ಅದು ಕತ್ತರಿಸುವುದು ಸುದ್ದಿಯ ಕೊನೆಯ ಹಂತವನ್ನು. ಇಪಿ3 ಗ್ರಾಹಕವಿಲ್ಲದ ಇಲಿಗಳಿಗೆ ಬ್ಯಾಕ್ಟೀರಿಯಾದ ವಿಷ ಚುಚ್ಚಿದರೂ ಜ್ವರ ಬರುವುದಿಲ್ಲವೆಂದು 1998ರಲ್ಲಿ ಕಂಡುಬಂದಿತು.

ಎಲ್ಲ ಸುದ್ದಿಯೂ ಈ ಒಂದೇ ದಾರಿಯಲ್ಲಿ ಬರುವುದಿಲ್ಲ. ಮಿದುಳಿನ ಒಳಕುಹರಗಳ ಅಂಚಿನಲ್ಲಿ ಕೆಲವು ಸಣ್ಣ ಜಾಗಗಳಿವೆ, ಅಲ್ಲಿ ರಕ್ತನಾಳದ ಗೋಡೆ ಬಿಗಿಯಾಗಿಲ್ಲ, ನರಕೋಶಗಳು ರಕ್ತದ ರುಚಿಯನ್ನು ನೇರವಾಗಿ ನೋಡಬಲ್ಲವು. ಮಿದುಳುಕಾಂಡದ ಕೆಳಭಾಗದಲ್ಲಿರುವ ಏರಿಯಾ ಪೋಸ್ಟ್ರೀಮಾ ಅಂಥದ್ದೊಂದು. ರಕ್ತದಲ್ಲಿ ವಿಷ ಕಂಡರೆ ವಾಂತಿ ಮಾಡಿಸುವುದು ಇದರ ಕೆಲಸ, ಕ್ಯಾನ್ಸರ್ ಔಷಧಗಳು ವಾಕರಿಕೆ ತರುವುದಕ್ಕೂ ಇದು ಒಂದು ಕಾರಣ. ಬಾಯಾರಿಕೆಯ ಹಾರ್ಮೋನನ್ನು ಗ್ರಹಿಸುವ ಇನ್ನೊಂದು ಜಾಗವಿದೆ. ಇದಲ್ಲದೆ ಅತ್ಯಲ್ಪ ಪ್ರಮಾಣದಲ್ಲಿ ಸೈಟೊಕೈನ್‌ಗಳನ್ನೇ ಹೊತ್ತು ತಡೆಯನ್ನು ದಾಟಿಸುವ ವಾಹಕಗಳೂ ಇವೆ.

ಮೂರನೆಯದು ನರಗಳ ದಾರಿ, ಇದಕ್ಕೆ ರಕ್ತವೇ ಬೇಕಾಗಿಲ್ಲ. ಮಿದುಳಿನ ಬುಡದಿಂದ ಹೊರಟು ಹೃದಯ, ಶ್ವಾಸಕೋಶ, ಜಠರ, ಕರುಳುಗಳವರೆಗೆ ಅಲೆದಾಡುವ ವೇಗಸ್ ನರವನ್ನು ನಾವು ಮಿದುಳಿನ ಆಜ್ಞೆಗಳನ್ನು ಕೆಳಕ್ಕೆ ಒಯ್ಯುವ ನರವೆಂದು ಕಲಿಯುತ್ತೇವೆ. ವಾಸ್ತವದಲ್ಲಿ ಅದರ ಎಳೆಗಳಲ್ಲಿ ಹೆಚ್ಚಿನವು ಮೇಲ್ಮುಖವಾಗಿ, ಒಡಲಿನ ವಿದ್ಯಮಾನಗಳನ್ನು ಮಿದುಳಿಗೆ ವರದಿ ಮಾಡುವಂಥವು. 1990ರ ದಶಕದ ಪ್ರಯೋಗಗಳಲ್ಲಿ, ವಪೆಯ ಕೆಳಗೆ ಈ ನರವನ್ನು ಕತ್ತರಿಸಿದ ಇಲಿಗಳ ಹೊಟ್ಟೆಗೆ ಬ್ಯಾಕ್ಟೀರಿಯಾದ ವಿಷವನ್ನೋ ಇಂಟರ್‌ಲೂಕಿನ್-1ನ್ನೋ ಚುಚ್ಚಿದಾಗ ಅವು ಉಳಿದ ಇಲಿಗಳಷ್ಟು ಮಂಕಾಗಲಿಲ್ಲ. ಅದೇ ಪದಾರ್ಥವನ್ನು ದೊಡ್ಡ ಪ್ರಮಾಣದಲ್ಲಿ ನೇರ ರಕ್ತಕ್ಕೆ ಕೊಟ್ಟಾಗ ಮಾತ್ರ ನರ ಕತ್ತರಿಸಿದ್ದು ಪ್ರಯೋಜನಕ್ಕೆ ಬರಲಿಲ್ಲ, ಏಕೆಂದರೆ ಸುದ್ದಿ ಆಗ ರಕ್ತದ ದಾರಿ ಹಿಡಿದಿತ್ತು. 2023ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ನಿಮ್ಮ ಗಂಟಲಿನ ಪ್ರಶ್ನೆಗೆ ನೇರ ಉತ್ತರದಂತಿದೆ: ಇನ್‌ಫ್ಲುಯೆಂಜಾ ತಗುಲಿದ ಇಲಿಗಳಲ್ಲಿ ಮೂಗಿನ ಹಿಂಭಾಗ ಮತ್ತು ಗಂಟಲಿನ ಮೇಲ್ಭಾಗಕ್ಕೆ ಚಾಚಿರುವ ಒಂದು ಬಗೆಯ ಕೆಲವೇ ನರಕೋಶಗಳು, ಅಲ್ಲಿ ಉತ್ಪಾದನೆಯಾದ ಪ್ರೊಸ್ಟಾಗ್ಲಾಂಡಿನ್ ಇ2ನ್ನು ಗ್ರಹಿಸಿ ಮಿದುಳುಕಾಂಡಕ್ಕೆ ತಿಳಿಸುತ್ತವೆ. ಆ ನರಕೋಶಗಳನ್ನು ಇಲ್ಲವಾಗಿಸಿದರೆ ಇಲಿ ಸೋಂಕಿನ ಮೊದಲ ಹಂತದಲ್ಲಿ ತಿನ್ನುವುದನ್ನೂ ಓಡಾಡುವುದನ್ನೂ ಅಷ್ಟಾಗಿ ಬಿಡುವುದಿಲ್ಲ.

ಇನ್ನು ಮಂಪರು, ಅರುಚಿ, ಒಂಟಿಯಾಗಿರಬೇಕೆನಿಸುವ ಭಾವ. ಇವನ್ನು ‘ಶಕ್ತಿ ಉಡುಗಿದ್ದರ’ ಲಕ್ಷಣವೆಂದು ವೈದ್ಯರೂ ಬಹುಕಾಲ ಭಾವಿಸಿದ್ದರು. 1988ರಲ್ಲಿ ಪಶುವೈದ್ಯ ಬೆಂಜಮಿನ್ ಹಾರ್ಟ್ ಒಂದು ಪ್ರಬಂಧದಲ್ಲಿ ಬೇರೆಯ ವಾದ ಮುಂದಿಟ್ಟರು: ಕಾಯಿಲೆಯ ಪ್ರಾಣಿ ಮುದುಡಿ ಮಲಗುವುದು, ಮೇವು ಬಿಡುವುದು, ಗುಂಪಿನಿಂದ ದೂರ ಸರಿಯುವುದು ಜ್ವರವನ್ನು ನಡೆಸಲು ಬೇಕಾದ ಶಕ್ತಿಯನ್ನು ಉಳಿಸುವ ವ್ಯವಸ್ಥಿತ ವರ್ತನೆ. ಇದಕ್ಕೆ ನನಗೆ ಅತ್ಯಂತ ಮನವರಿಕೆಯಾಗುವ ಪುರಾವೆ 1997ರ ಒಂದು ಸಣ್ಣ ಪ್ರಯೋಗ. ಮರಿ ಹಾಕಿದ ತಾಯಿ ಇಲಿಗಳಿಗೆ ಬ್ಯಾಕ್ಟೀರಿಯಾದ ವಿಷವನ್ನು ಕೊಟ್ಟು, ಗೂಡನ್ನು ಕೆಡಿಸಿ, ಮರಿಗಳನ್ನು ಚೆದುರಿಸಲಾಯಿತು. ಕೊಠಡಿಯ ಸಾಧಾರಣ ಉಷ್ಣತೆಯಲ್ಲಿ ಕಾಯಿಲೆಯ ತಾಯಿ ಮರಿಗಳನ್ನು ಒಂದೊಂದಾಗಿ ಕಚ್ಚಿ ತಂದು ಒಟ್ಟುಮಾಡಿತು, ಆದರೆ ಗೂಡು ಕಟ್ಟುವ ಗೊಡವೆಗೆ ಹೋಗಲಿಲ್ಲ. ಕೊಠಡಿಯನ್ನು 6 ಡಿಗ್ರಿಗೆ ತಣಿಸಿದಾಗ ಅಷ್ಟೇ ಕಾಯಿಲೆಯಿದ್ದ ತಾಯಿ ಗೂಡನ್ನೂ ಕಟ್ಟಿತು, ಏಕೆಂದರೆ ಈಗ ಗೂಡಿಲ್ಲದೆ ಮರಿಗಳು ಬದುಕುವಂತಿರಲಿಲ್ಲ. ಅದಕ್ಕೆ ಶಕ್ತಿಯಿಲ್ಲದೆ ಇರಲಿಲ್ಲ. ಯಾವುದು ಈಗ ತೀರಾ ಅಗತ್ಯ, ಯಾವುದು ಕಾಯಬಹುದು ಎಂಬ ಲೆಕ್ಕಾಚಾರವನ್ನು ಮಿದುಳು ಬದಲಿಸಿತ್ತು, ಅಷ್ಟೆ.

ಜ್ವರದ ಕಥೆಯೂ ಇದಕ್ಕೆ ಹೊಂದುತ್ತದೆ. ಹಲ್ಲಿ ಜಾತಿಯ ಜೀವಿಗಳು ಒಳಗಿನಿಂದ ಶಾಖ ಉತ್ಪಾದಿಸಲಾರವು. ಆದರೂ ಸೋಂಕು ತಗುಲಿದ ಮರುಭೂಮಿಯ ಇಗ್ವಾನಾ ಹೆಚ್ಚು ಬಿಸಿಯಾದ ಜಾಗವನ್ನು ಹುಡುಕಿಕೊಂಡು ಹೋಗಿ ಮೈ ಕಾಯಿಸಿಕೊಳ್ಳುತ್ತದೆ. ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು 1975ರಲ್ಲಿ ಇವನ್ನು ಬೇರೆ ಬೇರೆ ಉಷ್ಣತೆಗಳಲ್ಲಿ ಇಟ್ಟು ನೋಡಿದಾಗ, ಬಿಸಿಯಲ್ಲಿದ್ದವು ತಂಪಿನಲ್ಲಿದ್ದವುಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಬದುಕುಳಿದವು. ಹಾಗೆಂದು ಜ್ವರವನ್ನು ಎಂದೂ ಇಳಿಸಬಾರದೆಂದು ಅರ್ಥವಲ್ಲ. ಸಂಕಟ ಹೆಚ್ಚಿದ್ದರೆ, ಹೃದಯ ದುರ್ಬಲವಿದ್ದರೆ ಇಳಿಸಲೇಬೇಕು.

ಮಿದುಳಿಗೆ ಅಣುಗಳ ಸುದ್ದಿ ಮಾತ್ರ ಬರುತ್ತದೆಯೇ, ರೋಗನಿರೋಧಕ ಕೋಶಗಳು ಹತ್ತಿರ ಸುಳಿಯುವುದೇ ಇಲ್ಲವೇ ಎಂದು ಕೇಳಬಹುದು. ಇಪ್ಪತ್ತನೆಯ ಶತಮಾನದ ಬಹುಭಾಗ ಉತ್ತರ ‘ಇಲ್ಲ’ ಎಂದಿತ್ತು. ಮಿದುಳಿನಲ್ಲಿ ಕಸಿ ಮಾಡಿದ ಪರಕೀಯ ಅಂಗಾಂಶವನ್ನು ದೇಹ ಬೇರೆಡೆಯಷ್ಟು ಬೇಗ ತಿರಸ್ಕರಿಸುವುದಿಲ್ಲವೆಂದು ಪೀಟರ್ ಮೆಡವಾರ್ 1948ರಲ್ಲಿ ತೋರಿಸಿದ ಮೇಲಂತೂ ಮಿದುಳು ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳದ ಅಂಗವೆಂದು ಪಠ್ಯಪುಸ್ತಕಗಳು ಬರೆದವು. ಈಗ ಆ ಮಾತನ್ನು ಬಹಳಷ್ಟು ಸಡಿಲಿಸಬೇಕಾಗಿದೆ. ಮಿದುಳನ್ನು ಸುತ್ತಿರುವ ಪೊರೆಗಳಲ್ಲಿ ಟಿ ಕೋಶಗಳೆಂಬ ಬಿಳಿ ಕಣಗಳು, ಮ್ಯಾಕ್ರೊಫೇಜ್‌ಗಳು ಬೀಡುಬಿಟ್ಟಿರುತ್ತವೆ. 2015ರಲ್ಲಿ ಎರಡು ತಂಡಗಳು, ಒಂದು ಅಮೆರಿಕದ ವರ್ಜೀನಿಯಾದಿಂದ, ಇನ್ನೊಂದು ಫಿನ್ಲೆಂಡಿನಿಂದ, ಈ ಪೊರೆಗಳಲ್ಲಿ ದುಗ್ಧನಾಳಗಳಿರುವುದನ್ನು ಇಲಿಗಳಲ್ಲಿ ಪ್ರತ್ಯೇಕವಾಗಿ ಪ್ರಕಟಿಸಿದವು. ಇವು ಮಿದುಳಿನ ದ್ರವದಲ್ಲಿ ಕರಗಿ ಬಂದ ತುಣುಕುಗಳನ್ನು ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಒಯ್ಯುತ್ತವೆ; ಅಲ್ಲಿ ಕುಳಿತ ಟಿ ಕೋಶಗಳು ಮಿದುಳಿನಲ್ಲಿ ಏನು ನಡೆದಿದೆಯೆಂಬುದನ್ನು ಒಳಗೆ ಹೋಗದೆಯೇ ತಿಳಿದುಕೊಳ್ಳುತ್ತವೆ. ಇಟಲಿಯ ಪಾವ್ಲೊ ಮಸ್ಕಾನ್ಯಿ 1787ರಷ್ಟು ಹಿಂದೆಯೇ ಇಂಥ ನಾಳಗಳನ್ನು ವರ್ಣಿಸಿದ್ದರು, ಯಾರೂ ಕಿವಿಗೊಟ್ಟಿರಲಿಲ್ಲ. 2018ರಲ್ಲಿ ತಲೆಬುರುಡೆಯ ಮೂಳೆಮಜ್ಜೆಯಿಂದ ಮಿದುಳುಪೊರೆಗೆ ತೆರೆದುಕೊಳ್ಳುವ ಸೂಕ್ಷ್ಮ ಕಾಲುವೆಗಳೂ ಕಂಡವು. ಪಾರ್ಶ್ವವಾಯುವಾದಾಗ ಬಿಳಿ ಕಣಗಳು ಈ ಅಡ್ಡದಾರಿಯಲ್ಲಿ ಬೇಗ ಬಂದು ಸೇರುತ್ತವೆ.

ಈ ಕಾವಲು ಎಷ್ಟು ಅಗತ್ಯ ಎಂಬುದನ್ನು ಒಂದು ಔಷಧದ ಇತಿಹಾಸ ಚೆನ್ನಾಗಿ ಹೇಳುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯಲ್ಲಿ ದಾರಿ ತಪ್ಪಿದ ಬಿಳಿ ಕಣಗಳು ರಕ್ತನಾಳದ ಗೋಡೆಗೆ ಅಂಟಿ, ಅದನ್ನು ಹಾದು ಮಿದುಳಿಗೆ ನುಗ್ಗಿ ನರಗಳ ಹೊದಿಕೆಯನ್ನು ಹಾಳುಮಾಡುತ್ತವೆ. ಆ ಅಂಟುವಿಕೆಗೆ ಬೇಕಾದ ಪ್ರೋಟೀನನ್ನು ಮುಚ್ಚಿಬಿಡುವ ನಟಾಲಿಜುಮಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2004ರಲ್ಲಿ ಅನುಮತಿ ದೊರೆಯಿತು. ಕಾಯಿಲೆ ಮರುಕಳಿಸುವುದು ಗಮನಾರ್ಹವಾಗಿ ಕಡಿಮೆಯಾಯಿತು. ಮರುವರ್ಷವೇ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ನಮ್ಮಲ್ಲಿ ಅನೇಕರ ದೇಹದಲ್ಲಿ ತೆಪ್ಪಗೆ ಮಲಗಿರುವ ಜೆಸಿ ಎಂಬ ವೈರಸ್, ಕೆಲವು ರೋಗಿಗಳ ಮಿದುಳಿನಲ್ಲಿ ಕಾವಲಿನವರಿಲ್ಲದ್ದನ್ನೇ ಬಳಸಿಕೊಂಡು ಮಾರಕ ಕಾಯಿಲೆ ಎಬ್ಬಿಸಿತ್ತು. 2006ರಿಂದ ಅದನ್ನು ಕಟ್ಟುನಿಟ್ಟಿನ ತಪಾಸಣೆಯೊಡನೆ ಮತ್ತೆ ಬಳಸಲಾಗುತ್ತಿದೆ. ಅಂದರೆ ಆರೋಗ್ಯವಂತರ ಮಿದುಳಿನ ಸುತ್ತಲೂ ಕೆಲವೇ ಕೆಲವು ಬಿಳಿ ಕಣಗಳು ಸದಾ ಗಸ್ತು ತಿರುಗುತ್ತಿರಲೇಬೇಕು.

ಮಿದುಳಿನ ಒಳಗೇ ಹುಟ್ಟಿ ಬೆಳೆದವರಂತೆ ಇರುವ ರೋಗನಿರೋಧಕ ಕೋಶಗಳು ಮೈಕ್ರೋಗ್ಲಿಯಾ. ಇವು ಭ್ರೂಣದ ಅತಿ ಮೊದಲ ದಿನಗಳಲ್ಲೇ ಅದಕ್ಕೆ ಅಂಟಿಕೊಂಡಿರುವ ಹಳದಿ ಚೀಲದಿಂದ (ಯೋಕ್ ಸ್ಯಾಕ್) ವಲಸೆ ಬಂದು ನೆಲೆಸುತ್ತವೆ. ಹೊರಗಿನಿಂದ ಬಂದ ಸುದ್ದಿಗೆ ಮಿದುಳಿನೊಳಗೆ ಇವೇ ಮೊದಲು ಸ್ಪಂದಿಸಿ ತಮ್ಮದೇ ಸೈಟೊಕೈನ್‌ಗಳನ್ನು ಬಿಡುತ್ತವೆ. ನಿಮ್ಮ ತಾಯಿಯವರ ವಿಷಯಕ್ಕೆ ಬಂದಾಗ ಇವನ್ನು ಮತ್ತೆ ಕಾಣುತ್ತೇವೆ.

ಈಗ ಎದುರು ದಿಕ್ಕಿನ ಸಂಚಾರ, ನೀವು ಮನಸ್ಸಿನ ಬಗ್ಗೆ ಕೇಳಿದ್ದು. ಇಂಟರ್‌ಲೂಕಿನ್-1 ಮಿದುಳಿಗೆ ಸುದ್ದಿ ಮುಟ್ಟಿಸಿದಾಗ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಯನ್ನೂ, ಅದು ಅಡ್ರಿನಲ್ ಗ್ರಂಥಿಯನ್ನೂ ಎಚ್ಚರಿಸಿ ಕಾರ್ಟಿಸಾಲ್ ಸ್ರವಿಸುವಂತೆ ಮಾಡುತ್ತದೆ ಎಂಬುದು 1986ರಿಂದ ಗೊತ್ತಿದೆ. ಕಾರ್ಟಿಸಾಲ್ ಬಿಳಿ ಕೋಶಗಳ ಸೈಟೊಕೈನ್ ತಯಾರಿಕೆಯನ್ನು ತಗ್ಗಿಸುತ್ತದೆ. ಹೋರಾಟ ಅತಿಯಾಗದಂತೆ ಮಿದುಳು ಹಾಕುವ ಮಿತಿ ಇದು. ಸಂಧಿವಾತ, ಆಸ್ತಮಾಗಳಿಗೆ ಕೊಡುವ ಸ್ಟೀರಾಯ್ಡ್ ಮಾತ್ರೆಗಳು ಇದೇ ಹಾರ್ಮೋನಿನ ನಕಲುಗಳು. ಇನ್ನೊಂದು ಮಾರ್ಗ ನರಗಳದು. ಕೆವಿನ್ ಟ್ರೇಸಿಯವರ ತಂಡ 2000ದಲ್ಲಿ ವೇಗಸ್ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಇಲಿಗಳ ರಕ್ತದಲ್ಲಿ ಟಿಎನ್‌ಎಫ್ ಇಳಿಯುವುದನ್ನು ತೋರಿಸಿತು. ಮುಂದೆ ಆ ಸಂಕೇತ ಗುಲ್ಮದವರೆಗೆ ಹೋಗಿ, ಅಲ್ಲಿಯ ಒಂದು ಬಗೆಯ ಟಿ ಕೋಶಗಳಿಂದ ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಬಿಡಿಸಿ, ಮ್ಯಾಕ್ರೊಫೇಜ್‌ಗಳನ್ನು ಶಾಂತಗೊಳಿಸುತ್ತದೆಂದು ತಿಳಿಯಿತು. 2024ರಲ್ಲಿ ಮಿದುಳುಕಾಂಡದಲ್ಲಿ ಉರಿಯೂತದ ಮಟ್ಟವನ್ನು ಏರಿಳಿಸಬಲ್ಲ ನಿರ್ದಿಷ್ಟ ನರಕೋಶಗಳನ್ನೇ ಇಲಿಗಳಲ್ಲಿ ಗುರುತಿಸಲಾಯಿತು.

ಕಲಿಕೆಯೂ ಇಲ್ಲಿ ಪಾತ್ರ ವಹಿಸಬಲ್ಲದು. ರಾಬರ್ಟ್ ಏಡರ್ ಮತ್ತು ನಿಕೊಲಸ್ ಕೋಹೆನ್ 1975ರಲ್ಲಿ ಇಲಿಗಳಿಗೆ ಸ್ಯಾಕರಿನ್ ಬೆರೆಸಿದ ಸಿಹಿನೀರು ಕುಡಿಸಿ, ಜೊತೆಗೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಸೈಕ್ಲೊಫಾಸ್ಫಮೈಡ್ ಚುಚ್ಚಿದರು. ಆಮೇಲೆ ಬರೀ ಸಿಹಿನೀರು ಕೊಟ್ಟಾಗಲೂ ಆ ಇಲಿಗಳಲ್ಲಿ ಪ್ರತಿಕಾಯಗಳ ಉತ್ಪಾದನೆ ತಗ್ಗಿತು. ಆದರೆ ಇಲ್ಲಿಂದ ‘ಮನಸ್ಸು ಗಟ್ಟಿಯಿದ್ದರೆ ಯಾವ ಕಾಯಿಲೆಯೂ ಹತ್ತಿರ ಸುಳಿಯದು’ ಎಂಬ ಮಾತಿಗೆ ನೆಗೆಯುವುದು ಸಲ್ಲದು. ದೀರ್ಘಕಾಲದ ಒತ್ತಡ, ನಿದ್ರೆಗೇಡು ರೋಗನಿರೋಧಕ ವ್ಯವಸ್ಥೆಯ ಅಳೆಯಬಹುದಾದ ಗುಣಗಳನ್ನು ಬದಲಿಸುತ್ತವೆ, ಗಾಯ ಮಾಯುವುದನ್ನು ತಡಮಾಡುತ್ತವೆ, ಲಸಿಕೆಗೆ ಬರುವ ಪ್ರತಿಕಾಯಗಳನ್ನು ಸ್ವಲ್ಪ ಕುಗ್ಗಿಸುತ್ತವೆ, ಇಷ್ಟು ನಿಜ. ಧೈರ್ಯದಿಂದ ಸೋಂಕು ವಾಸಿಯಾಗುತ್ತದೆ, ಹೆದರಿದ್ದರಿಂದ ಕ್ಯಾನ್ಸರ್ ಬಂತು ಎನ್ನುವುದಕ್ಕೆ ಆಧಾರವಿಲ್ಲ, ಮತ್ತು ಇಂಥ ಮಾತು ರೋಗಿಯ ತಲೆಯ ಮೇಲೆ ಅಪರಾಧದ ಭಾರವನ್ನೂ ಹೊರಿಸುತ್ತದೆ. ವೇಗಸ್ ನರವನ್ನು ‘ಜಾಗೃತಗೊಳಿಸುವ’ ಮನೆಮದ್ದುಗಳ ಜಾಹೀರಾತುಗಳನ್ನೂ ನಾನು ಇದೇ ಸಾಲಿನಲ್ಲಿ ಇಡುತ್ತೇನೆ. ಪ್ರಯೋಗಗಳಲ್ಲಿ ಫಲ ಕೊಟ್ಟದ್ದು ಶಸ್ತ್ರಚಿಕಿತ್ಸೆಯಿಂದ ನರಕ್ಕೆ ಅಳವಡಿಸಿದ ಉಪಕರಣಗಳು.

ಖಿನ್ನತೆಯೆಂದರೆ ಉರಿಯೂತವೇ ಎಂಬ ಪ್ರಚಾರವೂ ಈಗ ಜೋರಾಗಿದೆ, ಅದರ ಬಗ್ಗೆ ಎರಡು ಮಾತು. ಹಿಂದೆ ಹೆಪಟೈಟಿಸ್ ಸಿ ಕಾಯಿಲೆಗೆ ತಿಂಗಳುಗಟ್ಟಲೆ ಇಂಟರ್‌ಫೆರಾನ್ ಆಲ್ಫಾ ಎಂಬ ಸೈಟೊಕೈನನ್ನೇ ಚುಚ್ಚುತ್ತಿದ್ದ ಕಾಲದಲ್ಲಿ, ಮೊದಲು ಚೆನ್ನಾಗಿಯೇ ಇದ್ದ ರೋಗಿಗಳಲ್ಲಿ ಗಣನೀಯ ಪಾಲು ಜನ ಕೆಲವೇ ವಾರಗಳಲ್ಲಿ ನಿಜವಾದ ಖಿನ್ನತೆಗೆ ಜಾರುತ್ತಿದ್ದರು. ಆದ್ದರಿಂದ ಸೈಟೊಕೈನ್ ಮನಸ್ಸನ್ನು ಕುಗ್ಗಿಸಬಲ್ಲದು ಎಂಬುದರಲ್ಲಿ ಸಂಶಯವಿಲ್ಲ. ಆದರೆ 2013ರಲ್ಲಿ, ಚಿಕಿತ್ಸೆಗೆ ಬಗ್ಗದ ಖಿನ್ನತೆಯಿದ್ದವರಿಗೆ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮಾಬ್ ಕೊಟ್ಟು ನೋಡಿದಾಗ ಒಟ್ಟಾರೆಯಾಗಿ ಉಪಯೋಗವಾಗಲಿಲ್ಲ. ಆರಂಭದಲ್ಲೇ ರಕ್ತದಲ್ಲಿ ಉರಿಯೂತದ ಸೂಚಕ ಹೆಚ್ಚಿದ್ದವರಲ್ಲಿ ಮಾತ್ರ ಅನುಕೂಲದ ಲಕ್ಷಣ ಕಂಡಿತು. ಖಿನ್ನತೆಯ ಕೆಲವರಲ್ಲಿ ಉರಿಯೂತ ಒಂದು ಕಾರಣವಿರಬಹುದು, ಎಲ್ಲರಲ್ಲೂ ಅಲ್ಲ.

ಕೊನೆಗೆ ನಿಮ್ಮ ತಾಯಿಯವರ ವಿಷಯ. ಅವರಿಗೆ ಆದದ್ದನ್ನು ಡೆಲಿರಿಯಮ್ ಎನ್ನುತ್ತೇವೆ. ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಶುರುವಾಗಿ, ಒಂದೇ ದಿನದಲ್ಲಿ ಏರಿಳಿಯುತ್ತ, ಗಮನ ನಿಲ್ಲಿಸುವ ಶಕ್ತಿಯನ್ನೇ ಕೆಡಿಸುವ ಸ್ಥಿತಿ ಇದು. ಬ್ಯಾಕ್ಟೀರಿಯಾ ಅವರ ಮೂತ್ರದ ದಾರಿಯಲ್ಲಿತ್ತು, ಮಿದುಳಿನಲ್ಲಿರಲಿಲ್ಲ. ಮೇಲೆ ಹೇಳಿದ ದಾರಿಗಳಲ್ಲಿ ಸುದ್ದಿ ಮಾತ್ರ ಮಿದುಳಿಗೆ ಬಂತು. ನಿಮ್ಮ ಮಿದುಳು ಅದೇ ಸುದ್ದಿಗೆ ಮಂಪರು, ಅರುಚಿಗಳಿಂದ ಉತ್ತರಿಸಿ ಸುಮ್ಮನಾಗುತ್ತಿತ್ತು. ವಯಸ್ಸಾದ ಮಿದುಳಿನಲ್ಲಿ, ಅದರಲ್ಲೂ ನರಕೋಶಗಳ ಸವೆತ ಒಳಗೊಳಗೇ ಆರಂಭವಾಗಿದ್ದರೆ, ಮೈಕ್ರೋಗ್ಲಿಯಾ ಮೊದಲೇ ಅರ್ಧ ಕೆರಳಿದ ಸ್ಥಿತಿಯಲ್ಲಿರುತ್ತವೆ; ಚಿಕ್ಕ ಪ್ರಚೋದನೆಗೂ ಅತಿಯಾಗಿ ಪ್ರತಿಕ್ರಿಯಿಸುತ್ತವೆಂದು ಪ್ರಾಣಿಗಳ ಪ್ರಯೋಗಗಳಲ್ಲಿ ಕಂಡಿದೆ. ತಡೆಗೋಡೆಯೂ ವಯಸ್ಸಿನೊಡನೆ ಅಲ್ಲಲ್ಲಿ ಸೋರತೊಡಗುತ್ತದೆ, ಗಮನಕ್ಕೆ ಬೇಕಾದ ಅಸಿಟೈಲ್‌ಕೋಲಿನ್ ಪೂರೈಕೆಯೂ ತಗ್ಗಿರುತ್ತದೆ. ಸ್ಕ್ಯಾನ್ ತೋರಿಸುವುದು ರಕ್ತಸ್ರಾವ, ಗಡ್ಡೆ, ದೊಡ್ಡ ಪಾರ್ಶ್ವವಾಯುವಿನಂಥ ರಚನೆಯ ಬದಲಾವಣೆಗಳನ್ನು. ನರಕೋಶಗಳ ನಡುವಿನ ಸಂವಹನ ಕೆಟ್ಟದ್ದು ಅದರಲ್ಲಿ ಕಾಣುವುದಿಲ್ಲ, ಆದ್ದರಿಂದ ಸ್ಕ್ಯಾನ್ ಸರಿಯಿದ್ದದ್ದು ಅಚ್ಚರಿಯಲ್ಲ.

ಒಂದು ಎಚ್ಚರಿಕೆ: ಹಿರಿಯರಲ್ಲಿ ಯಾವ ತೊಂದರೆಯೂ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸಿಗುವುದು ಸಾಮಾನ್ಯ. ಆದ್ದರಿಂದ ಮುಂದೆ ಅವರು ಗೊಂದಲಕ್ಕೊಳಗಾದರೆ ಮೂತ್ರದ ವರದಿಯೊಂದನ್ನೇ ಹಿಡಿದು ತೀರ್ಮಾನಿಸದೆ ನ್ಯುಮೋನಿಯಾ, ನೀರಿನಂಶದ ಕೊರತೆ, ಸೋಡಿಯಂ ಇಳಿತ, ಮಲಬದ್ಧತೆ, ಹೊಸದಾಗಿ ಶುರುಮಾಡಿದ ಮಾತ್ರೆಗಳು ಇವನ್ನೂ ನೋಡಬೇಕು. ನಿದ್ರೆಗೆ, ಅಲರ್ಜಿಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕೆಲವು ಮಾತ್ರೆಗಳು ಅಸಿಟೈಲ್‌ಕೋಲಿನ್‌ನ ಕೆಲಸವನ್ನು ಇನ್ನಷ್ಟು ತಗ್ಗಿಸಿ ಸ್ಥಿತಿಯನ್ನು ಕೆಡಿಸುತ್ತವೆ. ಕಿರುಚಾಟವಿಲ್ಲದೆ ಸುಮ್ಮನೆ ಮಂಕಾಗಿ ಮಲಗಿರುವ ಡೆಲಿರಿಯಮ್ ಕೂಡ ಇದೆ, ಮನೆಯವರು ‘ಆಯಾಸವಿರಬೇಕು’ ಎಂದುಕೊಂಡು ಬಿಟ್ಟುಬಿಡುವುದು ಅದನ್ನೇ. ಅದೂ ಅಷ್ಟೇ ತುರ್ತಿನ ವಿಷಯ. ಕನ್ನಡಕ, ಶ್ರವಣಸಾಧನ ಕೈಗೆಟುಕುವಂತಿರಲಿ, ಹಗಲು ಬೆಳಕು ರಾತ್ರಿ ಕತ್ತಲೆ ಸರಿಯಾಗಿರಲಿ, ಪರಿಚಯದ ಮುಖವೊಂದು ಬಳಿಯಲ್ಲಿರಲಿ. ಗೊಂದಲ ಪೂರ್ತಿ ತಿಳಿಯಾಗಲು ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಅದು ತಿಳಿಯಾದ ಮೇಲೆ, ಎರಡು ಮೂರು ತಿಂಗಳು ಬಿಟ್ಟು ಅವರ ನೆನಪಿನ ಶಕ್ತಿಯನ್ನು ವೈದ್ಯರಿಂದ ಒಮ್ಮೆ ಪರೀಕ್ಷೆ ಮಾಡಿಸಿ, ಏಕೆಂದರೆ ಡೆಲಿರಿಯಮ್ ಆದವರಲ್ಲಿ ಮುಂದೆ ಮರೆವಿನ ಕಾಯಿಲೆ ಕಾಣುವ ಸಂಭವ ಹೆಚ್ಚು. ಮುಂದೆ ಯಾವುದೇ ಶಸ್ತ್ರಚಿಕಿತ್ಸೆ ಅಗತ್ಯವಾದರೆ, ಹಿಂದೊಮ್ಮೆ ಹೀಗಾಗಿತ್ತೆಂಬುದನ್ನು ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿಸಿ.